ಮನೆಯೊಳಗಿನ ಆಕಾಶವಾಣಿ

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠಲ ವಿಹಾರ’ದಿಂದ ರೇಡಿಯೋ ಪ್ರಸಾರ ಶುರು ಮಾಡಿದರು. ಅವರ ಟ್ರಾನ್ಸ್‌ಮಿಟರಿನ ಶಕ್ತಿ 30 ವಾಟ್. ನಾವು ಚಿಕ್ಕವರಿದ್ದಾಗ ಪಡಸಾಲೆಯಲ್ಲಿ ಉರಿಯುತ್ತಿದ್ದ ಟ್ಯೂಬ್‌ಲೈಟು 40 ವಾಟಿನದು. ಅಷ್ಟೂ ಇಲ್ಲದ ಶಕ್ತಿಯಲ್ಲಿ ಒಬ್ಬ ಮೇಷ್ಟರು ಹಾಡು, ಮಾತುಗಳನ್ನು ಗೋಡೆಯಾಚೆ ಕಳಿಸಿದರು. ಆಮೇಲೆ ದೊಡ್ಡ ಟ್ರಾನ್ಸ್‌ಮಿಟರ್ ಬಂತು, ಕೆಲವು ವರ್ಷಗಳಲ್ಲಿ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. ಆ ಮನೆಯ ನಿಲಯಕ್ಕಿದ್ದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು.

ಈ ಸಂಗತಿ ನಮ್ಮಲ್ಲಿ ಬಹಳ ಜನರಿಗೆ ಗೊತ್ತು. ನವೆಂಬರ್ ತಿಂಗಳ ಕ್ವಿಜ್‌ಗಳಲ್ಲಿ ತಪ್ಪದೆ ಬರುವ ಪ್ರಶ್ನೆ. ನನಗೆ ಅದರಲ್ಲಿ ಹಿಡಿಸಿದ್ದು ‘ಮನೆಯಿಂದ’ ಎನ್ನುವ ಒಂದು ಪದ. ಒಂದು ಮನೆಯಲ್ಲಿ ಹಾಡಿನ ಮೂಲ ಇದೆ, ಕೇಳುವವರು ಬೇರೆ ಬೇರೆ ಕಡೆ ಕುಳಿತಿದ್ದಾರೆ, ನಡುವೆ ತಂತಿಯಿಲ್ಲ. ನೆರೂಳಿನ ನಮ್ಮ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಟಿವಿ ಹಿಂದೆ ಒಂದು ಪುಟ್ಟ ಕಂಪ್ಯೂಟರು, ಅದಕ್ಕೆ ಸಿಕ್ಕಿಸಿದ ಒಂದು ಹಾರ್ಡ್ ಡಿಸ್ಕು, ಪಕ್ಕದಲ್ಲಿ ವೈಫೈ ರೂಟರು ಇವೆ. ರೂಟರ್ ಹೊರಡಿಸುವ ರೇಡಿಯೋ ಶಕ್ತಿ ಸುಮಾರಾಗಿ ಒಂದು ವಾಟಿನ ಹತ್ತನೇ ಒಂದು ಭಾಗ. ಅಪ್ಪನ ಕ್ಯಾಸೆಟ್ಟುಗಳು, ಹೆಂಡತಿಯ ತವರಿನ ಯಕ್ಷಗಾನದ ಕ್ಯಾಸೆಟ್ಟುಗಳು, ನಾನು ಕೊಂಡ ಸಿಡಿಗಳು ಎಲ್ಲ ಆ ಡಿಸ್ಕಿನಲ್ಲಿವೆ. ಮನೆಯ ಯಾವ ಫೋನಿನಿಂದ ಬೇಕಾದರೂ ತೆರೆದು ಕೇಳಬಹುದು. ಈ ಏರ್ಪಾಡಿಗೆ ಒಂದು ಚರಿತ್ರೆಯಿದೆ. ನಾನು ಬಲ್ಲಷ್ಟನ್ನು, ನಾವು ಕನ್ನಡಿಗರು ಅದರೊಳಗೆ ಬಂದು ಹೋಗುವ ಜಾಗಗಳಲ್ಲಿ ಸ್ವಲ್ಪ ನಿಂತು ನೋಡಿ ಬರೆಯುತ್ತಿದ್ದೇನೆ.

ಮೊದಲ ಜಾಗ 1902ರ ನವೆಂಬರ್. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡರು. ಆ ಮುದ್ರಿಕೆಗಳ ಕೊನೆಯಲ್ಲಿ ಗಾಯಕಿ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಾರೆ: ‘ಮೈ ನೇಮ್ ಈಸ್ ಗೌಹರ್ ಜಾನ್.’ ಯೂಟ್ಯೂಬಿನಲ್ಲಿ ಕೇಳಿದವರು ಅದನ್ನು ಠೀವಿ ಎಂದುಕೊಳ್ಳುತ್ತಾರೆ. ಕಾರಣ ಬೇರೆ. ಇಲ್ಲಿ ಮುದ್ರಿಸಿದ ಮೇಣದ ತಟ್ಟೆಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ಅಚ್ಚಾಗಬೇಕಿತ್ತು. ಅಲ್ಲಿನ ಕೆಲಸಗಾರನಿಗೆ ಹಿಂದೂಸ್ತಾನಿ ಸಂಗೀತ ಗೊತ್ತಿಲ್ಲ, ಭಾಷೆ ಗೊತ್ತಿಲ್ಲ. ಯಾವ ತಟ್ಟೆಗೆ ಯಾರ ಹೆಸರಿನ ಚೀಟಿ ಅಂಟಿಸಬೇಕು ಎಂದು ತಿಳಿಯಲಿ ಎಂದೇ ಆ ಘೋಷಣೆ. ನನ್ನ ವೃತ್ತಿಯವರು ಇದನ್ನು ಮೆಟಾಡೇಟಾ ಅನ್ನುತ್ತಾರೆ. ಹಾಡಿನ ಬೆನ್ನಿಗೆ ಕಟ್ಟಿದ ವಿಳಾಸ ಅಂದುಕೊಳ್ಳಿ. ಈ ಲೇಖನದಲ್ಲಿ ಆ ವಿಳಾಸ ಮತ್ತೆ ಮತ್ತೆ ಬರುತ್ತದೆ.

ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಮೂರು, ಮೂರೂವರೆ ನಿಮಿಷ. ಒಂದು ತಾಸಿನ ರಾಗವನ್ನು ಅಷ್ಟರಲ್ಲಿ ಅಡಕಬೇಕು. ಯಂತ್ರ ದುಬಾರಿ, ತಟ್ಟೆಯೂ ದುಬಾರಿ. ಹಾಗಾಗಿ ಒಂದು ಪೆಟ್ಟಿಗೆಗೆ ಹತ್ತಾರು ಕಿವಿಗಳು. ಗದಗಿನಲ್ಲಿ ಹುಡುಗ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ತಟ್ಟೆ ಕೇಳಿ ಮರುಳಾಗಿ, ಹಾಡು ಕಲಿಯಬೇಕೆಂದು 1933ರಲ್ಲಿ ಮನೆ ಬಿಟ್ಟು ಹೋದ ಕಥೆ ಎಲ್ಲರಿಗೂ ಗೊತ್ತು. ಆಗ ವಯಸ್ಸು ಹನ್ನೊಂದು. ಅವರು ಆ ತಟ್ಟೆಯನ್ನು ಕೇಳಿದ್ದು ತಮ್ಮ ಸ್ವಂತದ ಯಂತ್ರದಲ್ಲಿ ಅಲ್ಲವೆಂಬುದು ನಮ್ಮ ವಿಷಯಕ್ಕೆ ಮುಖ್ಯ. ಹಾಡು ಯಾರದ್ದೋ ಅಂಗಡಿಯಲ್ಲಿತ್ತು, ಕಿವಿ ಬೀದಿಯಲ್ಲಿತ್ತು.

ಅದೇ ದಶಕದಲ್ಲಿ ಎಚ್‌ಎಂವಿ ಕಂಪನಿ ಹುಬ್ಬಳ್ಳಿಯ ಒಬ್ಬ ಎಳೆಯ ಗಾಯಕಿಯ ತಟ್ಟೆಗಳನ್ನು ತಂದಿತು. ಚೀಟಿಯ ಮೇಲೆ ಇದ್ದ ಹೆಸರು ಗಾಂಧಾರಿ. ಅವರೇ ಗಂಗೂಬಾಯಿ ಹಾನಗಲ್. ಹುಟ್ಟುಹೆಸರಿನಲ್ಲಿ ಒಂದು ಧ್ವನಿ, ಪ್ರಸಿದ್ಧಿಯ ಹೆಸರಿನಲ್ಲಿ ಇನ್ನೊಂದು ಧ್ವನಿ. ನಡುವೆ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಕಂಠವೂ ಗಡುಸಾಯಿತು. ಇವೆರಡೂ ಒಬ್ಬರದೇ ಎಂದು ತಿಳಿಯದ ಯಂತ್ರ ಇಬ್ಬರು ಗಾಯಕಿಯರನ್ನು ತೋರಿಸುತ್ತದೆ. ನಮ್ಮ ಮನೆಯ ಡಿಸ್ಕಿನಲ್ಲಿ ನಿಜವಾಗಿ ಹಾಗೆಯೇ ತೋರಿಸುತ್ತಿತ್ತು.

ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ಹೊರತಂದದ್ದು 1963ರಲ್ಲಿ. ನಮ್ಮ ಮನೆಗಳಿಗೆ ಅದು ನಿಜವಾಗಿ ಬಂದದ್ದು ಎಪ್ಪತ್ತರ ದಶಕದ ಕೊನೆಗೆ, ಎಂಬತ್ತರಲ್ಲಿ. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ನಿಸಾರ್ ಅಹಮದರ ‘ನಿತ್ಯೋತ್ಸವ’ ಕ್ಯಾಸೆಟ್ಟಾಗಿ ಬಂತು, ಅಲ್ಲಿಂದ ಭಾವಗೀತೆ ಸಭೆಯಿಂದ ಮನೆಗೆ ನಡೆಯಿತು. ಗ್ರಾಮಫೋನಿಗೂ ಕ್ಯಾಸೆಟ್ಟಿಗೂ ದೊಡ್ಡ ವ್ಯತ್ಯಾಸ ಬೆಲೆಯಲ್ಲಷ್ಟೇ ಇರಲಿಲ್ಲ. ಕ್ಯಾಸೆಟ್ಟಿಗೆ ಕೆಂಪು ಗುಂಡಿಯೊಂದು ಇತ್ತು. ಅದನ್ನು ಒತ್ತಿದರೆ ಕೇಳುಗನೇ ಮುದ್ರಕನಾಗುತ್ತಿದ್ದ.

ನಮ್ಮಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿದ್ದವರು. ಒಂದು ಟು-ಇನ್-ಒನ್ ಕೊಂಡು ಧಾರವಾಡ ಆಕಾಶವಾಣಿಯ ಸಂಗೀತವನ್ನು ಅದರೊಳಗೇ ತುಂಬಿಸುತ್ತಿದ್ದರು. ಧಾರವಾಡದ ನಿಲಯ ಶುರುವಾದದ್ದು 1950ರ ಜನವರಿಯಲ್ಲಿ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಗಂಗೂಬಾಯಿ ಎಲ್ಲ ಅದರ ಕೂಗಳತೆಯಲ್ಲೇ ಇದ್ದ ಕಾಲ. ಅಪ್ಪನಿಗೆ ಒಂದು ಅಭ್ಯಾಸವಿತ್ತು. ಉದ್ಘೋಷಕಿ ‘ಈಗ ಕೇಳಿ’ ಎನ್ನುವಾಗಲೇ ಗುಂಡಿ ಒತ್ತುತ್ತಿದ್ದರು. ರಾಗ, ತಾಳ, ಗಾಯಕರು, ತಬಲಾ, ಹಾರ್ಮೋನಿಯಂ ಎಲ್ಲದರ ಹೆಸರೂ ಟೇಪಿನಲ್ಲಿ ಬರಲಿ ಎಂದು. ಭಾವಗೀತೆಯಾದರೆ ರಚನೆ ಇವರದು, ಸಂಗೀತ ಇವರದು, ಹಾಡಿದವರು ಇವರು ಎಂದು ಮೂರು ಹೆಸರು. ಅಡ್ಡ ಮಾತಿಲ್ಲದ ಶುದ್ಧ ಹಾಡು ಬೇಕೆನ್ನುವ ನೆಂಟರೊಬ್ಬರು ಅವರನ್ನು ಗೇಲಿ ಮಾಡುತ್ತಿದ್ದರು. ಈಗ ನೋಡಿದರೆ ಗೌಹರ್ ಜಾನ್ ಹ್ಯಾನೋವರಿನ ಕೆಲಸಗಾರನಿಗೆ ಮಾಡಿದ ಉಪಕಾರವನ್ನೇ ಅಪ್ಪ ನನಗೆ ಮಾಡಿದ್ದರು. ಆದರೆ ಡ್ಯೂಟಿಯಿಂದ ತಡವಾಗಿ ಬಂದ ದಿನ ಹಾಡಿನ ನಡುವಿನಿಂದಲೇ ಮುದ್ರಣ ಶುರು. ಅಂಥ ಟೇಪುಗಳಿಗೆ ವಿಳಾಸವಿಲ್ಲ.

1979ರಲ್ಲಿ ಸೋನಿಯ ವಾಕ್‌ಮನ್ ಬಂತು. 2001ರ ಅಕ್ಟೋಬರಿನಲ್ಲಿ ಆಪಲ್‌ನ ಐಪಾಡ್ ಬಂತು, 5 ಜಿಬಿ, ಸಾವಿರ ಹಾಡು, ಅಂಗಿಯ ಜೇಬಿನಲ್ಲಿ. ಇವೆರಡರ ಗುಣಗಾನ ಸಾಕಷ್ಟಾಗಿದೆ. ನನ್ನ ಲೆಕ್ಕದಲ್ಲಿ ಅವು ಮನೆಯ ಹಾಡನ್ನು ಒಬ್ಬೊಬ್ಬರಿಗೆ ಹಂಚಿ ಒಡೆದವು. ಅಣ್ಣನ ಹಾಡು ಅಣ್ಣನ ಕಿವಿಗೆ, ತಂಗಿಯದು ತಂಗಿಗೆ. ಪಾಲು ಪಟ್ಟಿಯಾದ ಮನೆಯಂತೆ. ಇದನ್ನು ಪೂರ್ತಿ ಕೆಟ್ಟದ್ದು ಅನ್ನಲಾರೆ, ಲೋಕಲ್ ಟ್ರೇನಿನಲ್ಲಿ ಪನ್ವೇಲಿನಿಂದ ಸಿಎಸ್‌ಎಂಟಿವರೆಗೆ ನಿಂತು ಹೋಗುವವನಿಗೆ ಆ ಕಿವಿಗುಂಡು ದೇವರು ಕೊಟ್ಟ ವರ.

ಒಡೆದ ಮನೆಯನ್ನು ಮತ್ತೆ ಒಂದು ಮಾಡುವ ಯತ್ನವೂ ಅದೇ ವರ್ಷಗಳಲ್ಲಿ ನಡೆಯಿತು. ಅದರ ಕಥೆ ಅಷ್ಟಾಗಿ ಯಾರೂ ಹೇಳುವುದಿಲ್ಲ. 2001ರಲ್ಲೇ ಸ್ಲಿಮ್ ಡಿವೈಸಸ್ ಎಂಬ ಚಿಕ್ಕ ಕಂಪನಿ ಮನೆಯ ಕಂಪ್ಯೂಟರಿನಲ್ಲಿರುವ ಹಾಡನ್ನು ಪಡಸಾಲೆಯ ಸ್ಟೀರಿಯೋಗೆ ನೆಟ್‌ವರ್ಕ್ ಮೂಲಕ ಒಯ್ಯುವ ಪೆಟ್ಟಿಗೆ ಮಾಡಿತು. 2003ರ ಏಪ್ರಿಲ್‌ನಲ್ಲಿ ಐಟ್ಯೂನ್ಸ್‌ನ ನಾಲ್ಕನೇ ಆವೃತ್ತಿ ಬಂದಾಗ, ಒಂದು ಕಂಪ್ಯೂಟರಿನ ಹಾಡುಗಳನ್ನು ಇನ್ನೊಂದರಲ್ಲಿ ಕೇಳುವ ಸೌಲಭ್ಯವಿತ್ತು. ಜನ ಅದನ್ನು ಮನೆಯಾಚೆ ಇಂಟರ್‌ನೆಟ್ಟಿನಲ್ಲೂ ಬಳಸತೊಡಗಿದರು. ಒಂದು ತಿಂಗಳೊಳಗೆ ಆಪಲ್ ಅದನ್ನು ಒಂದೇ ಮನೆಯ ಜಾಲಕ್ಕೆ ಕಟ್ಟಿಹಾಕಿತು. ‘ಮನೆ’ ಎಂದರೆ ಎಲ್ಲಿಯವರೆಗೆ ಎಂಬ ಗೆರೆ ಎಳೆದದ್ದು ಅಲ್ಲಿ. ನ್ಯಾಪ್‌ಸ್ಟರ್ ಎರಡು ವರ್ಷ ಮೆರೆದು 2001ರಲ್ಲಿ ಕೋರ್ಟಿನಿಂದ ಮುಚ್ಚಿಹೋದದ್ದು ಎಲ್ಲರ ನೆನಪಿನಲ್ಲಿತ್ತು. ಲೋಕಕ್ಕೆಲ್ಲ ಹಂಚಿದರೆ ಕಳ್ಳತನ, ಮನೆಯವರಿಗೆ ಹಂಚಿದರೆ ಸಂಸಾರ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯೂ ಖಾಸಗಿ ಬಳಕೆಗೆ ನ್ಯಾಯವಾದ ವಿನಾಯಿತಿ ಕೊಡುತ್ತದೆ, ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ 60 ವರ್ಷಕ್ಕೆ ಮುಗಿಯುತ್ತದೆ. ಗಾಂಧಾರಿಯ ತಟ್ಟೆಗಳು ಎಂದೋ ಆ ಗಡಿ ದಾಟಿವೆ.

2003ರ ಜೂನಿನಲ್ಲಿ ಸೋನಿ, ಇಂಟೆಲ್, ಮೈಕ್ರೋಸಾಫ್ಟ್, ನೋಕಿಯಾ ಮೊದಲಾದವರು ಸೇರಿ ಒಂದು ಕೂಟ ಕಟ್ಟಿದರು, ಮರುವರ್ಷ ಅದಕ್ಕೆ ಡಿಎಲ್‌ಎನ್‌ಎ ಎಂದು ಹೆಸರಾಯಿತು. ಯಾವ ಕಂಪನಿಯ ಪೆಟ್ಟಿಗೆಯಾದರೂ ಮನೆಯೊಳಗೆ ಒಂದರ ಹಾಡನ್ನು ಇನ್ನೊಂದು ನುಡಿಸಬೇಕು ಎಂಬುದು ಗುರಿ. ಅದರ ಅಡಿಪಾಯದ ತಂತ್ರ ನನಗೆ ಬಹಳ ಇಷ್ಟ, ಯಾಕೆಂದರೆ ಅದು ವಠಾರದ ತಂತ್ರ. ಫೋನು ಜಾಲಕ್ಕೆ ಸೇರಿದ ಕೂಡಲೇ ಯಾರ ಹೆಸರನ್ನೂ ಹಿಡಿಯದೆ ಒಂದು ಕೂಗು ಹಾಕುತ್ತದೆ: ‘ಇಲ್ಲಿ ಹಾಡು ಇಟ್ಟುಕೊಂಡವರು ಯಾರಾದರೂ ಇದ್ದೀರೇನು?’ ಕೂಗು ಹೋಗುವುದು 239.255.255.250 ಎಂಬ ಒಂದು ಗೊತ್ತಾದ ವಿಳಾಸಕ್ಕೆ, ಅದು ಯಾರ ಮನೆಯೂ ಅಲ್ಲದ ವಠಾರದ ನಡುವಿನ ಅಂಗಳ. ಹಾಡಿನ ಪೆಟ್ಟಿಗೆ ಅಲ್ಲಿಗೆ ಕಿವಿಗೊಟ್ಟು ಕುಳಿತಿರುತ್ತದೆ. ‘ನಾನಿದ್ದೇನೆ, ನನ್ನ ಬಾಗಿಲು ಇದು’ ಎಂದು ನೇರವಾಗಿ ಉತ್ತರಿಸುತ್ತದೆ. ಆಮೇಲೆ ಫೋನು ಪಟ್ಟಿ ಕೇಳುತ್ತದೆ, ಪಟ್ಟಿಯಿಂದ ಒಂದನ್ನು ಆರಿಸುತ್ತದೆ, ಹಾಡು ತುಂಡುತುಂಡಾಗಿ ಹರಿದು ಬರುತ್ತದೆ. ಕೈಯಲ್ಲಿ ಹಿಡಿಯುವ ಸಾಧನಕ್ಕೆ ಈ ವಿದ್ಯೆ 2006ರ ನೋಕಿಯಾ ಎನ್80ರಲ್ಲಿ ಬಂತು, ಮರುವರ್ಷದ ಎನ್95ರಲ್ಲಿ ಇನ್ನಷ್ಟು ಜನರ ಕೈಗೆ.

ಈಗಿನ ರೂಟರುಗಳಲ್ಲಿ ಹಲವು ಈ ಕೂಗನ್ನು ಅಡಗಿಸುತ್ತವೆ. ಅತಿಥಿಗಳಿಗೆಂದು ಕೊಡುವ ವೈಫೈಯಲ್ಲಿ ಒಂದು ಫೋನಿಗೆ ಇನ್ನೊಂದು ಕಾಣದಂತೆ ಗೋಡೆ ಕಟ್ಟಿರುತ್ತಾರೆ. ಹಾಡಿನ ಪೆಟ್ಟಿಗೆ ಕಾಣಿಸುತ್ತಿಲ್ಲ ಎಂದು ಗೆಳೆಯರು ನನಗೆ ಫೋನು ಮಾಡಿದಾಗ ನಾನು ಮೊದಲು ಕೇಳುವುದು ಇದನ್ನೇ: ನೀನು ಮನೆಯ ವೈಫೈಯಲ್ಲಿದ್ದೀಯಾ, ಅತಿಥಿಗಳ ವೈಫೈಯಲ್ಲಿದ್ದೀಯಾ? ಹತ್ತರಲ್ಲಿ ಆರು ಸಲ ಉತ್ತರ ಅಲ್ಲೇ ಸಿಗುತ್ತದೆ.

ನೆರೂಳಿನಲ್ಲಿ ಇದೆಲ್ಲ ಸಾಧ್ಯವಾದದ್ದು 2005ರಿಂದೀಚೆಗೆ. ಆ ಜನವರಿಯಲ್ಲಿ ಸರ್ಕಾರ ವೈಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗಪಟ್ಟಿಗೆ ಲೈಸೆನ್ಸ್ ಬೇಡವೆಂದಿತು. ರೇಡಿಯೋ ಸೆಟ್ಟು ಇಟ್ಟುಕೊಳ್ಳಲೂ ಪೋಸ್ಟಾಫೀಸಿನಲ್ಲಿ ವರ್ಷಾವರ್ಷ ಲೈಸೆನ್ಸ್ ಕಟ್ಟುತ್ತಿದ್ದ ಅಪ್ಪನಂಥವರಿಗೆ ಇದು ಸಣ್ಣ ಮಾತೇನಲ್ಲ. ಅದೇ ಹೊತ್ತಿಗೆ ಎಂಟಿಎನ್‌ಎಲ್ ಟ್ರೈಬ್ಯಾಂಡ್ ಎಂಬ ಹೆಸರಿನಲ್ಲಿ ಬ್ರಾಡ್‌ಬ್ಯಾಂಡ್ ತಂದಿತು. ಬ್ರಾಡ್‌ಬ್ಯಾಂಡ್ ಅಂದರೆ ಆಗಿನ ಸರ್ಕಾರಿ ನೀತಿಯ ಪ್ರಕಾರ 256 ಕೆಬಿಪಿಎಸ್. ಒಂದು ಸಿ-60 ಕ್ಯಾಸೆಟ್ಟನ್ನು ಎಂಪಿ3 ಮಾಡಿದರೆ ನಿಮಿಷಕ್ಕೆ ಸುಮಾರು 1 ಎಂಬಿಯಂತೆ 60 ಎಂಬಿ. ಹೊರಗಿನಿಂದ ಅದನ್ನು ತರಿಸಿಕೊಳ್ಳಲು ಅರ್ಧ ತಾಸು. ಮನೆಯೊಳಗಿನ ವೈಫೈಯಲ್ಲಾದರೆ ಅರ್ಧ ನಿಮಿಷ. ಹಾಗಾಗಿ ಆ ಹತ್ತು ವರ್ಷ ಹಾಡು ಇರಬೇಕಾದ ಸಹಜ ಜಾಗ ಮನೆಯೇ ಆಗಿತ್ತು. ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಡಿಸ್ಕು, ಕೇಬಲ್ಲು, ರೂಟರು ಹೊತ್ತು ತರುವ ಶನಿವಾರಗಳು ನಮ್ಮ ವಯಸ್ಸಿನ ಎಷ್ಟೋ ಜನರ ನೆನಪಿನಲ್ಲಿರಬಹುದು.

ಇಷ್ಟಾದರೂ ನನ್ನ ಫೋನಿನ ಪರದೆಯಲ್ಲಿ ಬಹುಕಾಲ ಕನ್ನಡದ ಹಾಡುಗಳ ಹೆಸರೇ ಬರುತ್ತಿರಲಿಲ್ಲ. ಇದು ಈ ಚರಿತ್ರೆಯಲ್ಲಿ ನಮ್ಮದೇ ಆದ ಅಧ್ಯಾಯ, ಬೇರೆಯವರು ಬರೆಯುವುದಿಲ್ಲ.

ಎಂಪಿ3 ಎಂಬ ಕಡತದ ಹೆಸರು ಗೊತ್ತಾದದ್ದು 1995ರಲ್ಲಿ. ಅದರಲ್ಲಿ ಹಾಡಿನ ಹೆಸರು ಬರೆಯಲು ಜಾಗವೇ ಇರಲಿಲ್ಲ. 1996ರಲ್ಲಿ ಎರಿಕ್ ಕೆಂಪ್ ಎಂಬವರು ಕಡತದ ಬಾಲಕ್ಕೆ 128 ಬೈಟಿನ ಒಂದು ಚೀಟಿ ಅಂಟಿಸುವ ಉಪಾಯ ಮಾಡಿದರು. ಅದಕ್ಕೆ ಐಡಿ3 ಎಂದು ಹೆಸರು. ಹಾಡಿನ ಹೆಸರಿಗೆ 30 ಬೈಟು, ಗಾಯಕರಿಗೆ 30, ಆಲ್ಬಮ್ಮಿಗೆ 30. ಇಂಗ್ಲಿಷ್ ಲಿಪಿಗೆ ಇದು ಧಾರಾಳ, ಮಲ್ಲಿಕಾರ್ಜುನ ಮನ್ಸೂರರ ಹೆಸರು ಆ ಲಿಪಿಯಲ್ಲಿ 18 ಬೈಟಿನಲ್ಲಿ ಕೂರುತ್ತದೆ. ಕನ್ನಡದಲ್ಲಿ? ಯೂನಿಕೋಡಿನ ಯುಟಿಎಫ್-8 ಬರಹದಲ್ಲಿ ನಮ್ಮ ಒಂದೊಂದು ಅಕ್ಷರಚಿಹ್ನೆಗೂ ಮೂರು ಬೈಟು. ಅಕ್ಷರ, ಕಾಗುಣಿತ, ಒತ್ತಿನ ಹಲಂತ ಎಲ್ಲ ಬೇರೆ ಬೇರೆ ಎಣಿಕೆ. ಮನ್ಸೂರರ ಹೆಸರಿಗೆ 55 ಬೈಟು ಬೇಕು. 30ಕ್ಕೆ ಕತ್ತರಿಸಿದರೆ ಉಳಿಯುವುದು ‘ಮಲ್ಲಿಕಾರ್ಜ’. ಹಿಂದೂಸ್ತಾನಿ ಸಂಗೀತದ ಒಬ್ಬ ಮೇರು ಗಾಯಕರ ಹೆಸರು ಜಕಾರಕ್ಕೆ ಮುಗಿದುಹೋಗುತ್ತದೆ!

1998ರಲ್ಲಿ ಐಡಿ3ಯ ಎರಡನೇ ಪೀಳಿಗೆ ಬಂದು ಜಾಗದ ಕೊರತೆ ನೀಗಿತು, ಯೂನಿಕೋಡಿಗೂ ಅವಕಾಶವಾಯಿತು. ಆದರೆ ಅಷ್ಟರಲ್ಲಿ ನಮ್ಮವರು ಬೇರೆ ದಾರಿ ಹಿಡಿದಿದ್ದರು. ಬರಹ, ನುಡಿ ತಂತ್ರಾಂಶಗಳಿಂದ ಕನ್ನಡ ಬರೆಯುವುದು ಸುಲಭವಾಗಿತ್ತು. ಆದರೆ ಆ ದಿನಗಳ ಬರವಣಿಗೆ ಬಹುಪಾಲು ಅಕ್ಷರವಿನ್ಯಾಸವನ್ನು ಅವಲಂಬಿಸಿತ್ತು. ಆ ಫಾಂಟಿದ್ದರೆ ಕನ್ನಡ, ಇಲ್ಲದಿದ್ದರೆ ಚುಕ್ಕೆ, ಗೆರೆ, ಡಾಲರ್ ಚಿಹ್ನೆಗಳ ಸಂತೆ. ಕಂಪ್ಯೂಟರಿನಲ್ಲಿ ಚೆಂದ ಕಂಡ ಹೆಸರು ಫೋನಿಗೆ ಹೋದರೆ ಕೆಟ್ಟ ಬೈಗುಳದಂತೆ ಕಾಣುತ್ತಿತ್ತು. ಯೂನಿಕೋಡಿನಲ್ಲಿ ಬರೆದರೆ ಖಾಲಿ ಚೌಕಗಳ ಸಾಲು. ನನ್ನ ಆಗಿನ ಫೋನಿನಲ್ಲಿ ಇಡೀ ಕನ್ನಡ ಸಂಗ್ರಹ ಒಂದೇ ಬಗೆಯ ಚೌಕಗಳ ಪಟ್ಟಿಯಾಗಿತ್ತು. ಎಷ್ಟು ಚೌಕ ಇವೆ ಎಂದು ಎಣಿಸಿ ಹಾಡು ಗುರುತಿಸುವುದನ್ನು ನಾನು ಕಲಿತಿದ್ದೆ, ನಗಬೇಡಿ. 2012ರಲ್ಲಿ ಆಂಡ್ರಾಯ್ಡ್ 4.1 ಬಂದಾಗ ಕನ್ನಡ, ತೆಲುಗು, ಮಲಯಾಳಂ ಲಿಪಿಗಳು ಅದರೊಳಗೇ ಸೇರಿದವು. ಅಂದರೆ ಎಂಪಿ3 ಹುಟ್ಟಿ 17 ವರ್ಷವಾದ ಮೇಲೆ ಕನ್ನಡದ ಹಾಡು ತನ್ನ ಹೆಸರನ್ನು ಕನ್ನಡದಲ್ಲಿ ಹೊತ್ತು ಅಂಗೈಗೆ ಬಂತು.

ಆ ನಡುವಿನ 17 ವರ್ಷದ ಗಾಯ ಇನ್ನೂ ಮಾಗಿಲ್ಲ. ನಾವೆಲ್ಲ ಇಂಗ್ಲಿಷ್ ಲಿಪಿಯಲ್ಲಿ ಮನಬಂದಂತೆ ಬರೆದೆವು. ಒಬ್ಬರು ಮನ್ಸೂರದ ‘ಸೂ’ಗೆ ಒಂದು ಯು ಹಾಕಿದರು, ಇನ್ನೊಬ್ಬರು ಎರಡು ಓ. ಭೀಮಸೇನದ ‘ಭೀ’ಗೆ ಒಂದು ಐ ಅಥವಾ ಎರಡು ಇ. ಮುಂದೆ ಪಂಡಿತ್ ಇದ್ದರೆ ಒಂದು, ಇಲ್ಲದಿದ್ದರೆ ಒಂದು. ಹಾಡಿನ ಪೆಟ್ಟಿಗೆ ಇವರನ್ನೆಲ್ಲ ಬೇರೆ ಬೇರೆ ಜನರೆಂದು ತಿಳಿದು ಬೇರೆ ಬೇರೆ ಕೋಣೆಯಲ್ಲಿ ಕೂರಿಸುತ್ತದೆ. ನಮ್ಮಲ್ಲಿ ಒಂದು ಕಾಲಕ್ಕೆ ಐವರು ಭೀಮಸೇನರಿದ್ದರು.

ಇನ್ನೂ ಒಂದು ತೊಡಕು. ಈ ಚೀಟಿಯನ್ನು ರೂಪಿಸಿದವರ ತಲೆಯಲ್ಲಿದ್ದದ್ದು ಪಾಶ್ಚಾತ್ಯ ಪಾಪ್ ಹಾಡು: ಹಾಡುವವ ಒಬ್ಬ, ಅವನ ಆಲ್ಬಮ್ ಒಂದು. ರಾಗಕ್ಕೆ ಅಲ್ಲಿ ಮನೆಯಿಲ್ಲ. ಭಾವಗೀತೆಯಲ್ಲಿ ನಾವು ಮೊದಲು ಕೇಳುವುದು ಕವಿ ಯಾರು ಎಂದು. ಎರಡನೇ ಪೀಳಿಗೆಯ ಚೀಟಿಯಲ್ಲಿ ಬರೆದವರಿಗೂ ರಾಗ ಹಾಕಿದವರಿಗೂ ಖಾನೆಗಳಿವೆ ನಿಜ, ಫೋನುಗಳು ಅದನ್ನು ತೋರಿಸುವುದು ಅಪರೂಪ. ಯಕ್ಷಗಾನದ ಟೇಪಿಗೆ ಯಾರು ‘ಆರ್ಟಿಸ್ಟ್’? ಪ್ರಸಂಗಕರ್ತನೇ, ಭಾಗವತರೇ, ಅರ್ಥಧಾರಿಗಳೇ? 1990ರಲ್ಲಿ ತೀರಿಕೊಂಡ ಗುಂಡ್ಮಿ ಕಾಳಿಂಗ ನಾವಡರ ಪದಗಳು ಕುಂದಾಪುರದ ಕಡೆಯ ಮನೆಮನೆಯಲ್ಲಿ ಕ್ಯಾಸೆಟ್ಟಾಗಿ ಉಳಿದವು. ನನ್ನ ಹೆಂಡತಿಯ ತವರಿನ ಟೇಪುಗಳ ಮೇಲೆ ಬರೆದಿರುವುದು ‘ನಾವಡ್ರು’ ಎಂದಷ್ಟೇ. ಅವರಿಗೆ ಅಷ್ಟು ಸಾಕಿತ್ತು. ಧಾರವಾಡದ ಉದ್ಘೋಷಕಿ ಅರ್ಧ ನಿಮಿಷದಲ್ಲಿ ಹೇಳಿ ಮುಗಿಸುತ್ತಿದ್ದ ವಿಷಯವನ್ನು ಈ ಖಾನೆಗಳೊಳಗೆ ತುಂಬಲು ನನಗೆ ಈಗಲೂ ಬರುವುದಿಲ್ಲ. ರಾಗವನ್ನು ಹಾಡಿನ ಹೆಸರಿನಲ್ಲೇ ಸೇರಿಸಿ ಬರೆಯುತ್ತೇನೆ, ನೆಟ್ಟಗಿನ ಎಂಜಿನಿಯರ್ ಯಾರಾದರೂ ನೋಡಿದರೆ ಬೈಯುತ್ತಾರೆ.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಲೆಕ್ಕವೇ ತಿರುಗಿತು. ಹೊರಗಿನ ದಾರಿ ಅಗ್ಗವಾಯಿತು, ಹಾಡು ಮನೆಯಲ್ಲಿರುವ ಅಗತ್ಯ ಹೋಯಿತು. ಅದೇ ವರ್ಷ ಕಾಲಾಘೋಡಾದ ರಿದಂ ಹೌಸ್ ಬಾಗಿಲು ಹಾಕಿತು. ಮರುವರ್ಷದ ಆರಂಭದಲ್ಲಿ ಡಿಎಲ್‌ಎನ್‌ಎ ಕೂಟವೂ ತನ್ನ ಕೆಲಸ ಮುಗಿಯಿತೆಂದು ವಿಸರ್ಜನೆಯಾಯಿತು. ‘ಕ್ಲೌಡ್’ ಎಂದು ಮೋಡ ತೋರಿಸುತ್ತಾರಲ್ಲ, ನಮಗೆ ನವಿ ಮುಂಬಯಿಯವರಿಗೆ ಅದು ಮೋಡವೇನಲ್ಲ. ಜಿಯೋದ ಕಚೇರಿ ಘನ್ಸೋಲಿಯಲ್ಲಿದೆ. ಠಾಣೆ-ಬೇಲಾಪುರ ರಸ್ತೆಯುದ್ದಕ್ಕೂ ಮಹಾಪೆ, ರಬಾಳೆ, ಐರೋಲಿಯಲ್ಲಿ ಹಳೆಯ ಕಾರ್ಖಾನೆಗಳಿದ್ದ ಜಾಗದಲ್ಲಿ ಕಿಟಕಿಯಿಲ್ಲದ ಡೇಟಾ ಸೆಂಟರುಗಳು ಎದ್ದಿವೆ. ನನ್ನ ಆಫೀಸಿನ ಬಸ್ಸು ದಿನಾ ಅವುಗಳ ಮುಂದೆಯೇ ಹೋಗುತ್ತದೆ. ನನ್ನ ಮಗಳು ಕೇಳುವ ಹಾಡು ಅಂಥದೊಂದು ಕಟ್ಟಡದಿಂದಲೇ ಹೊರಟು ಬರುತ್ತಿದ್ದರೂ ಇರಬಹುದು.

ಅವಳು ಕೇಳುವುದೆಲ್ಲ ಅಲ್ಲಿ ಸಿಗುತ್ತದೆ. ಅದರ ಬಗ್ಗೆ ನನಗೆ ತಕರಾರಿಲ್ಲ, ನಾನೂ ಹಣ ಕಟ್ಟುತ್ತೇನೆ. ಆದರೆ ಎರಡು ಸಂಗತಿಗಳನ್ನು ನೋಡಿ. 2024ರ ಆಗಸ್ಟಿನಲ್ಲಿ ಏರ್‌ಟೆಲ್ ತನ್ನ ವಿಂಕ್ ಮ್ಯೂಸಿಕ್ ಮುಚ್ಚುವುದಾಗಿ ಹೇಳಿತು. ಕೋಟ್ಯಂತರ ಜನ ಬಳಸಿದ ಭಂಡಾರಕ್ಕೂ ಹಾಗೆ ಒಂದು ಪ್ರಕಟಣೆಯಲ್ಲಿ ಬೀಗ ಬೀಳಬಹುದು. ಎರಡನೆಯದು, ಅಪ್ಪ ಧಾರವಾಡ ರೇಡಿಯೋದಿಂದ ತುಂಬಿಸಿಕೊಂಡ ರಾಜಗುರುಗಳ ಒಂದು ಬೆಳಗಿನ ರಾಗ ಆ ಭಂಡಾರಗಳಲ್ಲಿ ಯಾವುದರಲ್ಲೂ ಇಲ್ಲ, ಬರುವುದೂ ಇಲ್ಲ. ಅದನ್ನು ಮಾರುವ ಹಕ್ಕು ಯಾರಿಗೂ ಸ್ಪಷ್ಟವಿಲ್ಲ, ಮಾರಿದರೆ ಲಾಭವೂ ಇಲ್ಲ. ಅದು ಮನೆಯಲ್ಲೇ ಇರಬೇಕು.

ಹುಬ್ಬಳ್ಳಿಯ ಮನೆ ಖಾಲಿ ಮಾಡಿ ಅವ್ವ ನಮ್ಮ ಜೊತೆ ಇರಲು ಬಂದಾಗ ಕ್ಯಾಸೆಟ್ಟುಗಳು ಎರಡು ಟ್ರಂಕಿನಲ್ಲಿ ಶರಾವತಿ ಎಕ್ಸ್‌ಪ್ರೆಸ್ಸಿನಲ್ಲಿ ಬಂದವು. ನೆರೂಳಿನ ಖಾಡಿಯ ಗಾಳಿ ಟೇಪಿಗೆ ವಿಷ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕೆಲವಕ್ಕೆ ಬಿಳಿ ಬೂಸ್ಟು ಹಿಡಿದಿತ್ತು. ಕ್ಯಾಸೆಟ್ಟನ್ನು ಡಿಜಿಟಲ್ ಮಾಡಲು ಅಡ್ಡದಾರಿಯಿಲ್ಲ. ಒಂದು ತಾಸಿನ ಟೇಪು ಒಂದು ತಾಸು ಓಡಲೇಬೇಕು. ಒಂದೂವರೆ ವರ್ಷದ ಭಾನುವಾರಗಳು ಅದಕ್ಕೆ ಹೋದವು. ಕೊನೆಗೆ ಉದ್ಘೋಷಣೆ ಇದ್ದವು, ಅಪ್ಪ ಚೀಟಿ ಬರೆದವು ತಮ್ಮ ತಮ್ಮ ಹೆಸರಿನಲ್ಲಿ ಸೇರಿದವು. ಉಳಿದವನ್ನು ‘ಯಾರ ಹಾಡು’ ಎಂಬ ಒಂದು ಫೋಲ್ಡರಿನಲ್ಲಿ ಹಾಕಿದೆ.

ಹಾಡು ಗುರುತಿಸುವ ಆ್ಯಪುಗಳಿಗೆ ಕೊಟ್ಟು ನೋಡಿದೆ. ಅಂಗಡಿಯಲ್ಲಿ ಮಾರಾಟವಾದ ಮುದ್ರಿಕೆಯನ್ನಷ್ಟೇ ಅವು ಬಲ್ಲವು, ರೇಡಿಯೋದಲ್ಲಿ ಒಮ್ಮೆ ಹಾಡಿ ಹೋದದ್ದನ್ನಲ್ಲ. ಮನೆಯಲ್ಲಿ ಅವನ್ನು ಬಲ್ಲವರು ಒಬ್ಬರೇ, ಅವ್ವ. ಅವರಿಗೆ 76. ಪಡಸಾಲೆಯಲ್ಲಿ ನನ್ನ ಪಕ್ಕ ಕುಳಿತು ಕಂಪ್ಯೂಟರಿನಲ್ಲಿ ಕೇಳಿ ಎಂದರೆ ಒಂದು ಹತ್ತು ನಿಮಿಷಕ್ಕೆ ‘ಸಾಕೋ ತಮ್ಮಾ, ಬೆನ್ನು ನೋಯ್ತೈತಿ’ ಎನ್ನುತ್ತಿದ್ದರು. ಅವರ ಫೋನಿನಲ್ಲಿ ಪುಟ್ಟ ಆ್ಯಪು ಹಾಕಿ, ಅಕ್ಷರ ದೊಡ್ಡದು ಮಾಡಿ, ಮನೆಯ ಭಂಡಾರ ತೆರೆದುಕೊಳ್ಳುವಂತೆ ಮಾಡಿಕೊಟ್ಟೆ. ಈಗ ಮಧ್ಯಾಹ್ನ ಮಲಗಿಕೊಂಡು, ಸಂಜೆ ಬಾಲ್ಕನಿಯಲ್ಲಿ ಸೊಪ್ಪು ಸೋಸುತ್ತ ಕೇಳುತ್ತಾರೆ. ನಾನು ಆಫೀಸಿನಿಂದ ಬಂದೊಡನೆ ವರದಿ ಒಪ್ಪಿಸುತ್ತಾರೆ.

‘ಅದು ಮನ್ಸೂರ ಅಲ್ಲೋ, ರಾಜಗುರು. ಧ್ವನಿ ಕೇಳಿದ್ರ ಗೊತ್ತಾಗೂದಿಲ್ಲೇನು?’

ಹೆಂಡತಿ ನಡುವೆ ಬಂದು, ‘ಅತ್ತೆ, ನಿಮ್ಮ ಫೋಲ್ಡರಿನಲ್ಲಿ ನಮ್ಮ ನಾವಡ್ರನ್ನೂ ಸೇರಿಸಿದ್ದಾರೆ ನೋಡಿ’ ಎಂದು ದೂರುತ್ತಾಳೆ. ಮಗಳು ಅಜ್ಜಿಗೆ ಹೆಸರು ಟೈಪು ಮಾಡಿಕೊಡುತ್ತ ತಾನೂ ಒಂದೆರಡು ರಾಗ ಗುರುತಿಸಲು ಕಲಿತಿದ್ದಾಳೆ, ಒಪ್ಪಿಕೊಳ್ಳುವುದಿಲ್ಲ ಅಷ್ಟೆ. ನೂರ ಹನ್ನೆರಡು ಕಡತಗಳಿದ್ದ ಫೋಲ್ಡರಿನಲ್ಲಿ ಈಗ ಉಳಿದಿರುವುದು ನಲವತ್ತೊಂದು. ಡಿಸ್ಕಿನ ನಕಲು ಒಂದನ್ನು ಹುಬ್ಬಳ್ಳಿಯ ತಂಗಿಯ ಮನೆಯಲ್ಲಿ ಇಟ್ಟಿದ್ದೇನೆ, ಪಾಸ್‌ವರ್ಡು ಬರೆದ ಚೀಟಿ ದೇವರ ಮನೆಯ ಡಬ್ಬಿಯಲ್ಲಿದೆ. ಅವೆಲ್ಲ ಹಣ ಕೊಟ್ಟರೆ ಆಗುವ ಕೆಲಸ. ಆ ನಲವತ್ತೊಂದಕ್ಕೆ ಅವ್ವನ ಕಿವಿಯೇ ಬೇಕು, ಈಚೆಗೆ ಎಡಗಿವಿ ಸ್ವಲ್ಪ ಮಂದವಾಗಿದೆ.

ಹೋದ ವಾರ ಒಂದು ಬಂತು. ಒಬ್ಬ ಹೆಣ್ಣುಮಗಳು ವಚನ ಹಾಡುತ್ತಾರೆ, ಹಾರ್ಮೋನಿಯಂ ಮಾತ್ರ ಇದೆ, ನಡುವೆ ಎಲ್ಲೋ ಮಗು ಅಳುತ್ತದೆ. ರೇಡಿಯೋದ್ದಲ್ಲವೆಂದು ಗೊತ್ತಾಗುತ್ತದೆ. ಅವ್ವ ಮೂರು ದಿನ ಕೇಳಿದರು. ನಾಲ್ಕನೇ ದಿನ ಹೇಳಿದರು: ‘ಹೆಸರು ನೆನಪಿಲ್ಲ ತಮ್ಮಾ. ಸವಣೂರ ಕಡೆಯಾಕಿ. ನಮ್ಮ ವರ್ಕ್‌ಶಾಪ್ ಕ್ವಾರ್ಟರ್ಸಿನ್ಯಾಗ ಎರಡನೇ ಸಾಲಿನ ಮನಿಗೆ ಮದುವೆಯಾಗಿ ಬಂದಿದ್ಲು. ಅಳೂ ಕೂಸು ನೀನ.’

ಹಾಡಿದವರು ಎಂಬ ಖಾನೆಯಲ್ಲಿ ನಾನು ‘ಸವಣೂರ ಕಡೆಯವರು, ಎರಡನೇ ಸಾಲು’ ಎಂದು ಬರೆದು ಉಳಿಸಿದ್ದೇನೆ. ಎಂಬತ್ತರ ದಶಕದಲ್ಲಿ ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದ ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ.